ಡಯಾಲಿಸಿಸ್ ದಿನಕ್ಕೆ ಯಾವ ರಜೆ?

ಸಿಬ್ಬಂದಿ ವಿಭಾಗಗಳಿಗೆ ಸಲಹೆ ನೀಡುವ ನನ್ನ ವೃತ್ತಿಯಲ್ಲಿ ರಜೆಯ ಮಾತು ಬಂದಾಗಲೆಲ್ಲ, ಹೊಸ ತಲೆಮಾರಿನವರು ವಿಪರೀತ ರಜೆ ಕೇಳುತ್ತಾರೆ ಎಂಬ ದೂರು ಮೊದಲು ಕೇಳಿಬರುತ್ತದೆ. ರಜಾ ಅರ್ಜಿಗಳನ್ನು ಓದುತ್ತ ಹೋದಂತೆ ನನಗೆ ಕಂಡದ್ದು ಬೇರೆ: ಕಿರಿಯರು ಕಾರಣವನ್ನು ನೇರವಾಗಿ ಬರೆಯುತ್ತಾರೆ, ನಲವತ್ತು ದಾಟಿದವರು ‘ಸ್ವಂತ ಕೆಲಸ’ ಎಂದಷ್ಟೇ ಬರೆದು ಸುಮ್ಮನಾಗುತ್ತಾರೆ.

ನಮ್ಮ ಕಾನೂನು ಹೆಸರಿಟ್ಟು ಗುರುತಿಸಿರುವ ಕೌಟುಂಬಿಕ ಅಗತ್ಯಗಳು ಹೆಚ್ಚಾಗಿ ಹೆರಿಗೆ ಮತ್ತು ಎಳೆಮಕ್ಕಳ ಪಾಲನೆಯ ಸುತ್ತಲಿನವು. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಕಡ್ಡಾಯವಾಯಿತು. ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆ ನೀಡುವ ನೀತಿಗೆ ಕರ್ನಾಟಕದ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತು. ವಯಸ್ಸಾದ ತಂದೆತಾಯಿಯ ಆರೈಕೆಗೆಂದೇ ಖಾಸಗಿ ವಲಯದಲ್ಲಿ ಅಂಥ ರಜೆಯಿಲ್ಲ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬಹುದು. ಕಾರ್ಖಾನೆಯ ನೌಕರರೊಬ್ಬರು ತಾಯಿಯನ್ನು ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆ ಕರೆದೊಯ್ಯಬೇಕಿದೆ ಎಂದುಕೊಳ್ಳೋಣ. 20 ದಿನದ ದುಡಿಮೆಗೆ ಒಂದು ದಿನದಂತೆ ಅವರಿಗೆ ವರ್ಷಕ್ಕೆ ಸುಮಾರು 15 ಗಳಿಕೆ ರಜೆ ಸಿಕ್ಕರೂ, ಎರಡು ತಿಂಗಳೊಳಗೆ ಅದೆಲ್ಲ ಮುಗಿದು, ಮುಂದೆ ಸಂಬಳ ಕಡಿತವಾಗುತ್ತದೆ. ಚಿಕಿತ್ಸೆಗೆ ಬೇಕಾದದ್ದು ಸುಮಾರು ನಾಲ್ಕು ಗಂಟೆ, ಓಡಾಟಕ್ಕೆ ಇನ್ನಷ್ಟು. ಕಳೆಯುವುದು ಮಾತ್ರ ಇಡೀ ದಿನ. ಇಂಥವರಿಗೆ ಆ ಎರಡು ದಿನ ಪಾಳಿ ಬದಲಿಸಿಕೊಡುವುದು, ಅರ್ಧ ದಿನದ ರಜೆಗೆ ಅವಕಾಶ ನೀಡುವುದು ಹೆಚ್ಚು ಉಪಯುಕ್ತ. ಸಂಸ್ಥೆಗೂ ಅದು ಅಗ್ಗ. ಬಾಣಂತಿಯ ಅಗತ್ಯವೇ ಬೇರೆ, ಅಲ್ಲಿ ಒಟ್ಟಿಗೇ ಸಿಗುವ ದೀರ್ಘ ರಜೆಗೆ ಬದಲಿಯಿಲ್ಲ.

ಐವತ್ತು ದಾಟಿದವರಲ್ಲಿ ಹಲವರಿಗೆ ರಜೆಗಿಂತ ಕೆಲಸದ ಸ್ವರೂಪದಲ್ಲಿ ಬದಲಾವಣೆ ಬೇಕಿರುತ್ತದೆ: ಮಂಡಿನೋವಿನವರಿಗೆ ಕುಳಿತು ಮಾಡುವ ಕೆಲಸ, ದೃಷ್ಟಿ ಮಂದವಾದವರಿಗೆ ದೊಡ್ಡ ಪರದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ, ಸೇವೆಯಲ್ಲಿರುವಾಗ ಅಂಗವೈಕಲ್ಯ ಉಂಟಾದವರನ್ನು ಸರ್ಕಾರಿ ಸಂಸ್ಥೆಗಳು ಕೆಲಸದಿಂದ ತೆಗೆಯುವಂತಿಲ್ಲ, ಹಿಂಬಡ್ತಿಯನ್ನೂ ಕೊಡುವಂತಿಲ್ಲ ಎನ್ನುತ್ತದೆ. ಖಾಸಗಿಯವರೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ಅದು ಹೆಚ್ಚಾಗಿ ಕಡತದಲ್ಲೇ ಉಳಿಯುತ್ತದೆ ಎಂಬುದು ನನ್ನ ಅನುಭವ.

ಆದ್ದರಿಂದ ರಜಾ ಅರ್ಜಿಯಲ್ಲಿ ‘ಕಾರಣ’ದ ಜೊತೆಗೆ ‘ಎಷ್ಟು ಗಂಟೆ, ಎಷ್ಟು ತಿಂಗಳು, ಪಾಳಿ ಬದಲಾದರೆ ಸಾಕೇ’ ಎಂಬ ಪ್ರಶ್ನೆಗಳನ್ನೂ ಸೇರಿಸಲು ಹೇಳುತ್ತೇನೆ. ಒಪ್ಪಿದ ಏರ್ಪಾಡು ಲಿಖಿತವಾಗಿರಲಿ. ಬಾಯಿಮಾತಿನ ಅನುಕೂಲ, ಆ ಮೇಲ್ವಿಚಾರಕರು ವರ್ಗವಾದ ದಿನವೇ ಕೊನೆಗೊಳ್ಳುತ್ತದೆ.