ಬಣ್ಣದ ನೀರು ಮತ್ತು ತೆಂಗಿನ ನಾರಿನ ಪುಡಿ: ಹೀರಿಕೊಂಡ ವಿಷ ಎಲ್ಲಿಗೆ?

ತಮಿಳುನಾಡಿನ ತಿರುಪ್ಪೂರಿನಲ್ಲಿ ಬನಿಯನ್ ಬಟ್ಟೆಗೆ ಬಣ್ಣ ಹಾಕುವ ಘಟಕಗಳ ಕೊಳಕು ನೀರು ದಶಕಗಳ ಕಾಲ ನೊಯ್ಯಲ್ ನದಿಗೆ ಬಿದ್ದು, ಕಾವೇರಿಯ ಕಡೆಗೆ ಹರಿಯಿತು. ನೀರಾವರಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ಆ ನೀರೇ ತುಂಬಿ ನಿಂತಿತು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಘಟಕಗಳನ್ನು ಮುಚ್ಚುವಂತೆ ಆದೇಶಿಸಿತು. ಇದಕ್ಕೆ ಬಹಳ ಮೊದಲೇ, ಪಕ್ಕದ ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದಲ್ಲಿ ಸಿ. ನಮಶಿವಾಯಂ ಅವರ ತಂಡ ಬಾಳೆ ದಿಂಡು, ಕಿತ್ತಳೆ ಸಿಪ್ಪೆ, ತೆಂಗಿನ ನಾರಿನ ಪುಡಿಗಳಿಂದ ಬಣ್ಣದ ನೀರನ್ನು ತಿಳಿಗೊಳಿಸುವ ಪ್ರಯೋಗಗಳನ್ನು ನಡೆಸುತ್ತಿತ್ತು.

ಈ ಯೋಚನೆಯ ಬೇರು ಇನ್ನೂ ಹಳೆಯದು. ಇದ್ದಿಲು ದ್ರವದ ಬಣ್ಣವನ್ನು ಹೀರುತ್ತದೆಂಬುದನ್ನು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ರಸಾಯನಶಾಸ್ತ್ರಜ್ಞ ಲೋವಿಟ್ಸ್ 1785ರಲ್ಲಿ ಗಮನಿಸಿದರು. ಮುಂದೆ ಸಕ್ಕರೆ ತಯಾರಕರು ಅದನ್ನು ಬಳಕೆಗೆ ತಂದರು. ಮೊದಲ ಮಹಾಯುದ್ಧದಲ್ಲಿ ವಿಷಾನಿಲದ ಮುಖವಾಡಗಳಿಗೆ ತೆಂಗಿನ ಕರಟದ ಇದ್ದಿಲು ಬೇಕಾಯಿತು. ಕರಟವನ್ನು ಗಾಳಿಯಾಡದಂತೆ ಸುಟ್ಟು, ಬಳಿಕ ಅತಿ ಬಿಸಿಯಾದ ಹಬೆ ಹಾಯಿಸಿದರೆ, ಕಣ್ಣಿಗೆ ಕಾಣದ ರಂಧ್ರಗಳು ತೆರೆದುಕೊಂಡು ಒಂದೇ ಗ್ರಾಂ ಪುಡಿಯ ಒಳಮೈ ಸುಮಾರು 1000 ಚದರ ಮೀಟರಿನಷ್ಟಾಗುತ್ತದೆ. ಇಂದು ಮನೆಯ ನೀರಿನ ಫಿಲ್ಟರುಗಳಲ್ಲೂ ಈ ಇದ್ದಿಲಿದೆ. ಸುಡದ ಸಿಪ್ಪೆ, ಹೊಟ್ಟುಗಳ ದಾರಿ ಬೇರೆ: ಸಸ್ಯದ ಮೈಯನ್ನು ಕಟ್ಟುವ ಸೆಲ್ಯುಲೋಸ್, ಲಿಗ್ನಿನ್, ಪೆಕ್ಟಿನ್‌ಗಳಲ್ಲಿರುವ ರಾಸಾಯನಿಕ ಗುಂಪುಗಳು ಸೀಸ, ಕ್ಯಾಡ್ಮಿಯಂನಂಥ ಲೋಹಗಳನ್ನು ಹಿಡಿದಿಡುತ್ತವೆ.

ಇಷ್ಟು ಅಗ್ಗದ ಉಪಾಯ ಕಾರ್ಖಾನೆಗಳಲ್ಲಿ ಏಕೆ ನೆಲೆಯೂರಲಿಲ್ಲ? ಪ್ರಯೋಗಾಲಯದಲ್ಲಿ ಸಾಮಾನ್ಯವಾಗಿ ಶುದ್ಧ ನೀರಿಗೆ ಒಂದೇ ಬಣ್ಣ ಬೆರೆಸಿ ನೋಡುತ್ತಾರೆ. ಘಟಕದಿಂದ ಬರುವ ನೀರಿನಲ್ಲಾದರೋ ಹಲವು ಬಣ್ಣ, ಸೋಪು, ಕ್ಷಾರಗಳ ಜೊತೆಗೆ ಬಟ್ಟೆಗೆ ಬಣ್ಣ ಹಿಡಿಸಲು ಸುರಿದ ಉಪ್ಪೂ ಇರುತ್ತದೆ. ನೊಯ್ಯಲ್ ದಡದ ಹೊಲಗಳನ್ನು ಕೆಡಿಸಿದ್ದರಲ್ಲಿ ದೊಡ್ಡ ಪಾಲು ಈ ಉಪ್ಪಿನದೇ. ಅದನ್ನು ಯಾವ ಸಿಪ್ಪೆಯೂ ಹೀರುವುದಿಲ್ಲ. ಹಸಿ ಹೊಟ್ಟನ್ನು ಹಾಗೆಯೇ ನೀರಿಗೆ ಹಾಕಿದರೆ ಅದರ ಒಗರೇ ಬಿಟ್ಟುಕೊಂಡು ನೀರು ಕಂದಾಗುವುದೂ ಉಂಟು.

ಇವೆಲ್ಲಕ್ಕಿಂತ ಕಠಿಣವಾದ ಪ್ರಶ್ನೆ ವಿಷವನ್ನು ಹೀರಿ ತುಂಬಿಕೊಂಡ ಪುಡಿಯದು. ಒಂದು ಗ್ರಾಂ ಪುಡಿ ಎಷ್ಟು ಮಿಲಿಗ್ರಾಂ ಬಣ್ಣ ಹಿಡಿಯಿತೆಂಬ ಲೆಕ್ಕಕ್ಕೆ ಸಿಕ್ಕಷ್ಟು ಗಮನ, ಆ ಪುಡಿಯ ಮುಂದಿನ ಗತಿಗೆ ಸಿಕ್ಕಿಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ಸುಟ್ಟರೆ ಲೋಹ ಬೂದಿಯಲ್ಲಿ ಉಳಿಯುತ್ತದೆ, ಹೂಳಿದರೆ ಮಳೆನೀರಿನೊಡನೆ ಅಂತರ್ಜಲಕ್ಕೆ ಇಳಿಯಬಹುದು, ಆಮ್ಲದಲ್ಲಿ ತೊಳೆದರೆ ಆ ಆಮ್ಲವೇ ಹೊಸ ತ್ಯಾಜ್ಯ. ತಿರುಪ್ಪೂರು ಕೊನೆಗೆ ಹಿಡಿದದ್ದು ರಿವರ್ಸ್ ಆಸ್ಮೋಸಿಸ್ (ಒತ್ತಡದಿಂದ ನೀರನ್ನು ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಉಪ್ಪನ್ನು ಬೇರ್ಪಡಿಸುವ ವಿಧಾನ) ಮತ್ತು ಆವಿಯಾಗಿಸುವ ಯಂತ್ರಗಳ ದುಬಾರಿ ದಾರಿಯನ್ನು. ಅಲ್ಲಿಯೂ ನೀರು ಮರುಬಳಕೆಗೆ ಬಂದ ಮೇಲೆ, ಮತ್ತೆ ಬಳಸಲಾಗದ ಮಿಶ್ರ ಲವಣ ಉಳಿದುಕೊಳ್ಳುತ್ತಿದೆ.