ಗುಡ್ಡಕ್ಕೆ ಬೀಜದುಂಡೆ ಎಸೆದರೆ ಕಾಡಿಗೆ ಉಪಯೋಗ ಇದೆಯಾ?

ಪ್ರಶ್ನೆ: ನಾವು ಬೆಳಗಾವಿಯ ಹತ್ತು-ಹದಿನೈದು ಗೆಳೆಯರು. ಭಾನುವಾರ ಬಿಡುವಿರುತ್ತದೆ. ಮಳೆಗಾಲದಲ್ಲಿ ಖಾನಾಪುರ ಕಡೆಯ ಗುಡ್ಡಗಳಿಗೆ ಬೀಜದುಂಡೆ ಎಸೆದು, ಸಸಿ ನೆಟ್ಟು ಕಾಡಿಗೆ ನೆರವಾಗಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡೋಣ?

ಉತ್ತರ: ಬೀಜದುಂಡೆಯ ಚೀಲವನ್ನು ಸದ್ಯಕ್ಕೆ ಕೆಳಗಿಡಿ. ನಾನೂ ಒಮ್ಮೆ ಹೊಂಗೆ, ಬೇವಿನ ಉಂಡೆ ಹೊತ್ತು ಗೋವಾ ಗಡಿಯ ಚೋರ್ಲಾ ಘಟ್ಟದ ಕಡೆ ಹೋದವನೇ. ಬೋಳಾಗಿ ಕಂಡ ಒಂದು ಪಠಾರದ (ಗುಡ್ಡದ ಮೇಲಿನ ಚಪ್ಪಟೆ ಬಯಲು) ಮೇಲೆ ಎಲ್ಲವನ್ನೂ ಎಸೆದು, ಫೋಟೋ ತೆಗೆಸಿಕೊಂಡು ಬಂದೆ. ಆಗಸ್ಟ್‌ನಲ್ಲಿ ಹೋಗಿ ನೋಡಿದರೆ ಒಂದೂ ಬೀಜ ಮೊಳೆತಿರಲಿಲ್ಲ. ಆದರೆ ಬೋಳು ಅಂದುಕೊಂಡಿದ್ದ ಆ ಜಾಗದ ತುಂಬ ಉಗುರಿನಷ್ಟು ಸಣ್ಣ ಹೂಗಳು! ಜಂಬಿಟ್ಟಿಗೆ ಬಂಡೆ, ಮೇಲೆ ತೆಳ್ಳಗೆ ಮಣ್ಣು. ಅಷ್ಟರಲ್ಲೇ ಹುಲ್ಲು, ಹುಳ ಹಿಡಿದು ತಿನ್ನುವ ಪುಟಾಣಿ ಗಿಡಗಳು ಬದುಕುತ್ತವೆ. ಅಲ್ಲಿಗೆ ಮರ ಬೇಕಾಗಿಯೇ ಇಲ್ಲ. ನನ್ನ ಉಂಡೆಗಳು ಮೊಳೆಯದೇ ಇದ್ದದ್ದೇ ಒಳ್ಳೆಯದಾಯಿತು.

ಬಾಗಲಕೋಟೆ ಕಡೆಯೂ ಇದೇ ಮಾತು. ಅಲ್ಲಿನ ಯಡಹಳ್ಳಿ 2016ರಲ್ಲಿ ಚಿಂಕಾರ ವನ್ಯಧಾಮವಾಯಿತು. ಚಿಂಕಾರ ಅಂದರೆ ಕುರುಚಲು ಗಿಡ, ಬಯಲು ಇರುವಲ್ಲಿ ಬದುಕುವ, ಜಿಂಕೆಯಂಥ ಪ್ರಾಣಿ. ದೂರದಿಂದಲೇ ಅಪಾಯ ಕಂಡು ಓಡುತ್ತದೆ. ಅಲ್ಲಿ ಒತ್ತೊತ್ತಾಗಿ ಮರ ಬೆಳೆಸಿದರೆ ಅದರ ಮನೆ ಕೆಡಿಸಿದ ಹಾಗೆ.

ಹಾಗಾದರೆ ಕೆಲಸವೇ ಇಲ್ವಾ? ಇದೆ, ಆದರೆ ಬಿಸಿಲಿನಲ್ಲಿ. ಸಂಕ್ರಾಂತಿ ಕಳೆದರೆ ಗುಡ್ಡದ ಹುಲ್ಲು ಒಣಗುತ್ತದೆ. ಯಾರೋ ಎಸೆದ ಬೀಡಿ, ಅಡುಗೆ ಮಾಡಿ ಆರಿಸದೆ ಬಿಟ್ಟ ಒಲೆ, ಅಷ್ಟು ಸಾಕು. ನಮ್ಮ ಕಾಡಿನ ಬೆಂಕಿ ಹೆಚ್ಚಾಗಿ ಮನುಷ್ಯರಿಂದಲೇ ಹತ್ತುವುದು. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಯ ಮೊಟ್ಟೆ, ಆಮೆ, ತಾನಾಗಿಯೇ ಹುಟ್ಟಿದ ಸಾವಿರಾರು ಸಸಿ ಒಂದೇ ಮಧ್ಯಾಹ್ನದಲ್ಲಿ ಬೂದಿಯಾಗುತ್ತವೆ. ಅದಕ್ಕೇ ಅರಣ್ಯ ಇಲಾಖೆಯವರು ಬೇಸಿಗೆಗೆ ಮೊದಲೇ ಬೆಂಕಿ ರೇಖೆ ಮಾಡುತ್ತಾರೆ. ಅಂದರೆ ಬೆಂಕಿ ದಾಟಬಾರದು ಅಂತ ಒಂದು ಪಟ್ಟಿಯಷ್ಟು ಜಾಗದ ಒಣ ಎಲೆ, ಹುಲ್ಲು ತೆಗೆಯುವುದು. ಬೆನ್ನು ನೋಯುವ ಕೆಲಸ, ಫೋಟೋಗೂ ಚೆನ್ನಾಗಿ ಬರಲ್ಲ. ಹದಿನೈದು ಜನರ ಕೈ ನಿಜವಾಗಿ ಬೇಕಾಗುವುದು ಇಲ್ಲಿ.

ಮಳೆಗಾಲಕ್ಕೂ ಒಂದು ಕೆಲಸ ಹೇಳುತ್ತೇನೆ. ಜಾಂಬೋಟಿ–ಚೋರ್ಲಾ ರಸ್ತೆಯಲ್ಲಿ ಗೋವಾಕ್ಕೆ ಓಡುವ ಕಾರುಗಳ ಕೆಳಗೆ ಕಪ್ಪೆ, ಹಾವು ಸಿಕ್ಕಿ ಸಾಯುತ್ತವೆ. ಯಾವ ತಿರುವಿನಲ್ಲಿ, ಯಾವ ಹೊತ್ತಿಗೆ, ಯಾವ ಪ್ರಾಣಿ ಅಂತ ಬರೆದಿಡಿ, ಫೋಟೋ ಸಮೇತ. ಎರಡು ಮೂರು ಮಳೆಗಾಲದ ಲೆಕ್ಕ ಕೈಯಲ್ಲಿದ್ದರೆ ವೇಗ ತಗ್ಗಿಸುವ ಉಬ್ಬು ಎಲ್ಲಿ ಬೇಕು ಅಂತ ಗಟ್ಟಿಯಾಗಿ ಕೇಳಬಹುದು. ಎರೆಹುಳದಂತೆ ಕಾಣುವ, ಕಾಲೇ ಇಲ್ಲದ ಒಂದು ಉಭಯಚರವನ್ನು 2007ರಲ್ಲಿ ವಿಜ್ಞಾನಿಗಳು ಹೊಸದೆಂದು ಗುರುತಿಸಿದ್ದು ಇದೇ ಚೋರ್ಲಾದಲ್ಲಿ. ಮಹದಾಯಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ.

ಕೆಲವು ಕಡೆ ಹೋಗದೇ ಇರುವುದೇ ಸೇವೆ. ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನ ಬರಾಪೇಡೆ ಗುಹೆಗಳಲ್ಲಿ ರಾಟನ್ ಬಾವಲಿ ಅಂತ ಒಂದು ಅಪರೂಪದ ಬಾವಲಿ ಇದೆ. ಜಗತ್ತಿನಲ್ಲೇ ಅದರ ನೆಲೆ ಇದೊಂದೇ ಅಂತ ಬಹಳ ವರ್ಷ ನಂಬಿದ್ದರು. ಆಮೇಲೆ ಮೇಘಾಲಯ, ಕಾಂಬೋಡಿಯಾದಲ್ಲೂ ಸಿಕ್ಕಿತು. ಟಾರ್ಚ್ ಬೆಳಕು, ಗದ್ದಲಕ್ಕೆ ಬಾವಲಿ ಬೆದರುತ್ತದೆ. "ಸುಮ್ನೆ ಒಂದು ಸಲ ನೋಡಿ ಬರ್ತೀವಿ" ಅನ್ನಬೇಡಿ.

ಭೀಮಗಡ 2011ರಿಂದ ವನ್ಯಧಾಮ. ಅನುಮತಿ ಇಲ್ಲದೆ ಒಳಗೆ ಹೋದರೆ 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ದೀಪಾವಳಿ ಮುಗಿದ ಮೇಲೆ ವಲಯ ಅರಣ್ಯಾಧಿಕಾರಿ ಕಚೇರಿಗೆ ಹೋಗಿ, ಬೆಂಕಿ ರೇಖೆ ಕೆಲಸಕ್ಕೆ ಎಷ್ಟು ಜನ, ಯಾವ ಭಾನುವಾರ ಬರುತ್ತೀರಿ ಅಂತ ಅರ್ಜಿ ಕೊಡಿ. ಬೆಂಕಿ ಕಂಡರೆ ನೀವೇ ನುಗ್ಗಬೇಡಿ, ಫಾರೆಸ್ಟ್ ಗಾರ್ಡ್‌ಗೆ ಹೇಳಿ. ಕೆಲಸಕ್ಕೆ ಹೋಗುವಾಗ ಬುತ್ತಿ, ನೀರು ಜಾಸ್ತಿ ಇರಲಿ. ತಂಡದ ಹೆಸರು ಹಾಕಿಸಿದ ನೈಲಾನ್ ಟೀ-ಶರ್ಟ್ ಬೇಡ, ಕಿಡಿ ಬಿದ್ದರೆ ಕರಗಿ ಮೈಗೆ ಅಂಟುತ್ತದೆ. ಹಳೆಯ ಕಾಟನ್ ಅಂಗಿ ಹಾಕಿಕೊಳ್ಳಿ.