ಗಾಜಿನ ಹಿಂದಿದ್ದ ಚಾಕು, ಕಾಯ್ದೆಯಲ್ಲಿಲ್ಲದ ಪದ

1959ರ ಅಕ್ಟೋಬರ್. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಒಂದು ಅಂಗಡಿ. ಶೋಕೇಸ್‌ನ ಗಾಜಿನ ಹಿಂದೆ ಒಂದು ಚಾಕು, ಅದರ ಹಿಂದೆ ಒಂದು ಚೀಟಿ: 'ಎಜೆಕ್ಟರ್ ನೈಫ್, 4 ಶಿಲ್ಲಿಂಗ್'. ಹಿಡಿಯಲ್ಲಿರುವ ಗುಂಡಿ ಒತ್ತಿದರೆ ಅಲಗು ಟಪ್ ಅಂತ ಹೊರಗೆ ಬರುವ ಚಾಕು ಅದು. ಆ ದಾರಿಯಲ್ಲಿ ಹೋಗುತ್ತಿದ್ದ ಪೊಲೀಸ್ ಕಾನ್‌ಸ್ಟೇಬಲ್ ಚೀಟಿ ಓದಿದ, ಒಳಗೆ ಹೋಗಿ ವಿಚಾರಿಸಿದ. ಅಂಗಡಿಯವನ ಮೇಲೆ ಕೇಸು ಬಿತ್ತು.

ಇಂಥ ಚಾಕುಗಳನ್ನು ತಡೆಯಲೆಂದೇ ಬ್ರಿಟಿಷ್ ಸಂಸತ್ತು ಅದೇ ವರ್ಷ ಕಾಯ್ದೆ ಮಾಡಿತ್ತು. ಈ ಚಾಕು ತಯಾರಿಸಿದರೆ, ಮಾರಿದರೆ, ಬಾಡಿಗೆಗೆ ಕೊಟ್ಟರೆ, ಮಾರಲು ಆಫರ್ ಮಾಡಿದರೆ ಅಪರಾಧ. ಬೆಲೆ ಬರೆದು ಗಾಜಿನ ಹಿಂದೆ ಇಟ್ಟ ಮೇಲೆ ಅದು ಆಫರ್ ಅಲ್ವಾ? ಯಾರನ್ನೇ ಕೇಳಿ, ಹೌದು ಅಂತಾರೆ.

ಸ್ಥಳೀಯ ಕೋರ್ಟು ಅಲ್ಲ ಎಂದಿತು. ಪೊಲೀಸರು ಮೇಲ್ಮನವಿ ಹಾಕಿದರು. 1960ರಲ್ಲಿ ಮೇಲಿನ ಕೋರ್ಟು ಕೂಡ ಅಲ್ಲ ಎಂದೇ ಹೇಳಿತು. ಕಾಗದಪತ್ರ ಮೊದಲು ಓದಿದಾಗ ತಮಗೂ ಈ ವಾದ ಅಸಂಬದ್ಧ ಅನ್ನಿಸಿತ್ತು ಎಂದು ಮುಖ್ಯ ನ್ಯಾಯಮೂರ್ತಿ ಲಾರ್ಡ್ ಪಾರ್ಕರ್ ಒಪ್ಪಿಕೊಂಡರು. ಆದರೂ ತೀರ್ಪು ಅಂಗಡಿಯವನ ಪರ.

ಯಾಕೆ? ಒಪ್ಪಂದದ ಕಾನೂನಿನಲ್ಲಿ 'ಆಫರ್' ಅನ್ನೋ ಪದಕ್ಕೆ ಬಿಗಿಯಾದ ಅರ್ಥವಿದೆ. ಎದುರಿನವರು 'ಸರಿ' ಅಂದ ಕೂಡಲೇ ಒಪ್ಪಂದ ಆಗಿಬಿಡುವಂಥ ಮಾತು ಮಾತ್ರ ಆಫರ್. ಶೋಕೇಸ್‌ನಲ್ಲಿ ಒಂದೇ ಒಂದು ಸೀರೆ ಇದೆ ಅಂದುಕೊಳ್ಳಿ. ಅದೇ ಆಫರ್ ಆಗಿದ್ದರೆ, ಹತ್ತು ಜನ ಬಂದು 'ಸರಿ, ಕೊಡಿ' ಅಂದಾಗ ಅಂಗಡಿಯವರು ಹತ್ತೂ ಜನಕ್ಕೆ ಸೀರೆ ಕೊಡಬೇಕಾಗುತ್ತಿತ್ತು. ಹಾಗಾಗಿ ಕಾನೂನಿನ ಲೆಕ್ಕದಲ್ಲಿ ಶೋಕೇಸ್ ಅಂದರೆ 'ಬನ್ನಿ, ನೋಡಿ, ಕೇಳಿ' ಅನ್ನೋ ಕರೆ ಅಷ್ಟೇ. ಆಫರ್ ಮಾಡೋದು ಗಿರಾಕಿ. ಒಪ್ಪೋದು ಬಿಡೋದು ಅಂಗಡಿಯವರಿಗೆ ಸೇರಿದ್ದು. ನಮ್ಮಲ್ಲಿ ಕಾನೂನು ಓದುವ ಮಕ್ಕಳೂ ಕಾಂಟ್ರಾಕ್ಟ್ ಪಾಠದಲ್ಲಿ ಇದೇ ಚಾಕುವಿನ ಕಥೆ ಕಲಿಯುತ್ತಾರೆ.

ಲಾರ್ಡ್ ಪಾರ್ಕರ್ ಇನ್ನೊಂದು ವಿಷಯ ಗಮನಿಸಿದರು. ಬೇರೆ ಕೆಲವು ಕಾಯ್ದೆಗಳಲ್ಲಿ 'ಆಫರ್ ಮಾಡಿದರೆ' ಎಂಬುದರ ಪಕ್ಕದಲ್ಲೇ 'ಮಾರಾಟಕ್ಕೆಂದು ಇಟ್ಟರೆ' ಎಂದೂ ಇತ್ತು. ಇದರಲ್ಲಿ ಇರಲಿಲ್ಲ. ಬಿಟ್ಟುಹೋದ ಪದವನ್ನು ಜಡ್ಜ್ ತಾವೇ ಸೇರಿಸಿದರೆ ಅದು ಕಾಯ್ದೆ ಓದುವುದಲ್ಲ, ಕಾಯ್ದೆ ಬರೆಯುವುದು. ಆ ಕೆಲಸ ಸಂಸತ್ತಿನದು. ನನಗೆ ಈ ತೀರ್ಪು ಸರಿ ಅನ್ನಿಸುತ್ತದೆ. ಒಬ್ಬರನ್ನು ಅಪರಾಧಿ ಅಂತ ಕರೆಯುವ ಮೊದಲು, ಯಾವುದು ಅಪರಾಧ ಅಂತ ಸರಿಯಾಗಿ ಬರೆದಿರಬೇಕು ತಾನೇ? 1961ರಲ್ಲಿ ಸಂಸತ್ತು ಆ ಪದಗಳನ್ನು ಸೇರಿಸಿತು. ಮಾರಲೆಂದು ಪ್ರದರ್ಶನಕ್ಕೆ ಇಟ್ಟರೂ, ಮಾರಲೆಂದು ಬರೀ ತಮ್ಮ ಬಳಿ ಇಟ್ಟುಕೊಂಡರೂ ಅಪರಾಧವಾಯಿತು.

ಅಷ್ಟೊಂದು ಜನ ನೋಡಿದ ಮೇಲೂ ಒಂದು ಪದ ಹೇಗೆ ತಪ್ಪಿಹೋಯಿತು ಅನ್ನೋದೇ ಆಶ್ಚರ್ಯ. ಅಲ್ಲಿ ಮಸೂದೆ ಎರಡೂ ಸದನಗಳಲ್ಲಿ ಮೂರು ಮೂರು ಸಲ 'ಓದು' ಎಂಬ ಹಂತ ದಾಟಬೇಕು. ನಡುವೆ ಒಂದೊಂದೇ ಸಾಲು ಹಿಡಿದು ಚರ್ಚೆ, ತಿದ್ದುಪಡಿ. ಕೊನೆಗೆ ಅರಸರ ಒಪ್ಪಿಗೆ. 1708ರಲ್ಲಿ ಆನ್ ರಾಣಿ ಒಂದು ಮಸೂದೆ ತಡೆದಿದ್ದೇ ಕೊನೆ, ಆಮೇಲೆ ಯಾವ ಅರಸರೂ ಬೇಡ ಅಂದಿಲ್ಲ. ಈಗಿನ ಜಡ್ಜ್‌ಗಳು ಪದದ ಜೊತೆಗೆ ಕಾಯ್ದೆಯ ಉದ್ದೇಶವನ್ನೂ ಹಿಂದಿಗಿಂತ ಜಾಸ್ತಿ ನೋಡುತ್ತಾರೆ. ಪದದ ಅರ್ಥ ಗೊಂದಲವಾಗಿದ್ದರೆ, ಸದನದಲ್ಲಿ ಮಂತ್ರಿ ಏನು ಹೇಳಿದ್ದರು ಅಂತ ಕೆಲವು ಷರತ್ತುಗಳ ಮೇಲೆ ನೋಡಬಹುದು ಎಂದು 1992ರಲ್ಲಿ ತೀರ್ಪಾಯಿತು.

ಉದ್ದೇಶದ ಮಾತು ಬಂದರೆ ನನಗೆ ನೆನಪಾಗುವುದು ಹಾಲಿನ ಕೇಸು. ಆಗ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ರೈತರ ಹಾಲಿಗೆ ಬೆಲೆ ಕಟ್ಟುತ್ತಿದ್ದದ್ದು ಹಾಲು ಮಾರಾಟ ಮಂಡಳಿ. ಆ ಭಾಗವನ್ನು 11 ಪ್ರದೇಶ ಮಾಡಿ, ಸಾಗಣೆ ಖರ್ಚು ನೋಡಿಕೊಂಡು ಬೇರೆ ಬೇರೆ ದರ ಕೊಡುತ್ತಿದ್ದರು. ಲಂಡನ್ನಿಗೆ ಹತ್ತಿರದ ಆಗ್ನೇಯ ಭಾಗದ ರೈತರು, ಸಾಗಣೆ ಖರ್ಚು ಬದಲಾಗಿ ಎಷ್ಟೋ ವರ್ಷವಾಯಿತು, ದರದ ವ್ಯತ್ಯಾಸ ಮಾತ್ರ ಹಳೆಯದೇ ಉಳಿದಿದೆ, ನಮಗೆ ಜಾಸ್ತಿ ಸಿಗಬೇಕು ಎಂದರು. ಆದರೆ ಮಂಡಳಿಯಲ್ಲಿ ಬೇರೆ ಪ್ರದೇಶದವರದೇ ಬಹುಮತ. ಇವರಿಗೆ ಜಾಸ್ತಿ ಕೊಟ್ಟರೆ ಅವರಿಗೆ ಕಡಿಮೆಯಾಗುತ್ತದೆ. ಹಾಗಿರುವಾಗ ಯಾರು ಕೈ ಎತ್ತುತ್ತಾರೆ?

1958ರ ಕಾಯ್ದೆಯಲ್ಲಿ ಒಂದು ದಾರಿ ಇತ್ತು. ಕೃಷಿ ಮಂತ್ರಿ ಸೂಚಿಸಿದರೆ ತನಿಖಾ ಸಮಿತಿ ದೂರು ಕೇಳುತ್ತದೆ. ಗಮನಿಸಿ, ಸೂಚಿಸಿ'ದರೆ'. ಮಂತ್ರಿಯ ಅಧಿಕಾರವೆಲ್ಲ ಆ 'ದರೆ'ಯಲ್ಲೇ ಇತ್ತು. ಮಂತ್ರಿ ಸೂಚಿಸಲಿಲ್ಲ. ಸಮಿತಿ ರೈತರ ಪರ ಹೇಳಿದರೆ ತಾವು ಆದೇಶ ಹೊರಡಿಸಬೇಕೆಂದು ಜನ ನಿರೀಕ್ಷಿಸುತ್ತಾರೆ ಅನ್ನೋದೂ ಅವರು ಕೊಟ್ಟ ಕಾರಣಗಳಲ್ಲಿ ಒಂದು.

ರೈತರು ಕೋರ್ಟಿಗೆ ಹೋದರು. ಆಗ ದೇಶದ ಕೊನೆಯ ಕೋರ್ಟು ಹೌಸ್ ಆಫ್ ಲಾರ್ಡ್ಸ್. 1968ರಲ್ಲಿ ಅಲ್ಲಿನ ಐವರು ಜಡ್ಜ್‌ಗಳಲ್ಲಿ ನಾಲ್ವರು ರೈತರ ಪರ ನಿಂತರು. ಸಂಸತ್ತು ಮಂತ್ರಿಗೆ ಆಯ್ಕೆ ಕೊಟ್ಟಿದ್ದು ಯಾವುದೋ ಒಂದು ಕೆಲಸಕ್ಕೆ. ಆ ಕಾಯ್ದೆಯ ಗುರಿಯನ್ನೇ ಸೋಲಿಸುವ ಹಾಗೆ ಆ ಆಯ್ಕೆಯನ್ನು ಬಳಸುವಂತಿಲ್ಲ. ದೂರನ್ನು ಕಾನೂನಿನ ಪ್ರಕಾರ ಮತ್ತೆ ಪರಿಶೀಲಿಸಿ ಎಂದು ಮಂತ್ರಿಗೆ ಹೇಳಿದರು. ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತವರಿಗೆ 'ಕೊಡೋದು ಬಿಡೋದು ನಮ್ಮಿಷ್ಟ' ಎಂಬ ಉತ್ತರ ಕೊಡುವಂತಿಲ್ಲ ಅನ್ನೋದಕ್ಕೆ ಬ್ರಿಟನ್ನಿನಲ್ಲಿ ಇವತ್ತಿಗೂ ಈ ತೀರ್ಪನ್ನೇ ತೋರಿಸುತ್ತಾರೆ. ನಮ್ಮ ಕೋರ್ಟುಗಳೂ ಇದನ್ನು ಉಲ್ಲೇಖಿಸಿವೆ.

ಆಮೇಲೆ ದೂರು ಸಮಿತಿಗೆ ಹೋಯಿತು. ಸಮಿತಿ ರೈತರ ಮಾತು ಸರಿ ಎಂದಿತು. ಮಂತ್ರಿ ವರದಿ ನೋಡಿದರು, ಅದನ್ನು ಜಾರಿ ಮಾಡುವುದಿಲ್ಲ ಎಂದರು. ಅಷ್ಟು ದೂರ ಹೋರಾಡಿದ ರೈತರಿಗೆ ಕೋರ್ಟು ಕೊಡಿಸಿದ್ದು ಸರಿಯಾದ ವಿಚಾರಣೆ. ಹಾಲಿನ ದರ ಮಾತ್ರ ಅವರು ಕೇಳಿದಂತೆ ಬದಲಾಗಲಿಲ್ಲ.